ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ? ಹೈನು ಮಾಡುವ ಮನೆಯವರು ಹೇಳಿ

ಮಲಪ್ರಭಾ ದಂಡೆ (ರಾಮದುರ್ಗ ತಾಲೂಕು)

ಎಲ್ಲರಿಗೂ ಶರಣು. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಎಚ್.ಎಫ್. (ಹೊಲ್‌ಸ್ಟೀನ್ ಫ್ರೀಜಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಆಕಳು ಹೋರಿಗರು ಹಾಕಿದರೆ ನೀವು ಅದನ್ನು ಏನು ಮಾಡುತ್ತೀರಿ?

ನಮ್ಮ ಕಡೆ ಈ ಮಾತನ್ನು ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಹೆಣ್ಣುಗರು ಹುಟ್ಟಿದರೆ ಓಣಿಗೆಲ್ಲ ಗಿಣ್ಣ ಹಂಚುತ್ತಾರೆ. ಗಂಡಾದರೆ ಮನೆಯಲ್ಲಿ ಮಾತೇ ಕಡಿಮೆ. ತಿಂಗಳು ಕಳೆಯುವಷ್ಟರಲ್ಲಿ ಆ ಕರು ಗೂಟದಲ್ಲಿ ಇರುವುದಿಲ್ಲ. ಕೆಲವು ಕಡೆ ಹಾಲು ಕಡಿಮೆ ಬಿಡುತ್ತಾ ಬಿಡುತ್ತಾ ತಾನಾಗಿಯೇ ಸಾಯಲಿ ಅಂತ ಬಿಟ್ಟುಬಿಡುತ್ತಾರೆ. ಕೆಲವರು ರಾತ್ರಿ ಟಂಟಂನಲ್ಲಿ ಹಾಕಿಕೊಂಡು ಹೋಗಿ ಹೆದ್ದಾರಿ ಪಕ್ಕ ಇಳಿಸಿ ಬರುತ್ತಾರೆ. ಹೀಗೆ ಮಾಡುವವರು ಕಟುಕ ಮನಸ್ಸಿನವರೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಬಸವಣ್ಣನಿಗೂ ಹೋಳಿಗೆ ಎಡೆ ಇಡುವ ಜನ. ಅದಕ್ಕೇ ನನಗೆ ಸಂಕಟ ಜಾಸ್ತಿ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. 2012ರ ಜಾನುವಾರು ಗಣತಿಗೂ 2019ರ ಗಣತಿಗೂ ನಡುವೆ ದೇಶದಲ್ಲಿ ಆಕಳುಗಳು ಶೇ. 18ರಷ್ಟು ಹೆಚ್ಚಾದವು. ಅದೇ ಹೊತ್ತಿನಲ್ಲಿ ಹೋರಿ, ಎತ್ತು ಎಲ್ಲ ಸೇರಿ ಗಂಡು ದನ ಸುಮಾರು ಶೇ. 30ರಷ್ಟು ಕಡಿಮೆಯಾದವು. ಹುಟ್ಟುವಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ ಅಲ್ವಾ? ಹಾಗಾದರೆ ಗಂಡು ಎಲ್ಲಿ ಹೋದವು?

ನನ್ನ ಮಾತು ಇಷ್ಟೇ. ಆ ಕರುವಿನ ಖರ್ಚು, ಗೊಡ್ಡಾದ ಆಕಳಿನ ಖರ್ಚು ಹಾಲಿನ ದರದಲ್ಲಿ ಸೇರಿರಬೇಕು. ಈಗ ಸೇರಿಲ್ಲ. ಸೇರದೇ ಇರುವುದರಿಂದಲೇ ಎರಡು ಮೂರು ದನ ಕಟ್ಟಿದ ಮನೆಗಳು ಒಂದೊಂದಾಗಿ ಗೂಟ ಕೀಳುತ್ತಿವೆ. ಧರ್ಮ ಅಧರ್ಮದ ಪೂರ್ತಿ ಭಾರ ಆ ಮನೆಯವರ ಮೇಲೇ ಬಿದ್ದಿದೆ. ನೀವೆಲ್ಲ ಏನಂತೀರಿ?

ಎಮ್ಮೆಮನಿ ಅಕ್ಕ (ಬಾದಾಮಿ ತಾಲೂಕು)

ಅಣ್ಣಾರೇ, ನೀವು ಆಕಳದ್ದು ಹೇಳಿದಿರಿ. ಎಮ್ಮೆಯ ಕೋಣಗರುವಿನ ಪಾಡು ಇನ್ನೂ ಕಷ್ಟ. ಹೋರಿಗರು ಸತ್ತರೆ ನಾಲ್ಕು ಜನ ಅಯ್ಯೋ ಅಂತಾರೆ. ಕೋಣಗರು ಸತ್ತರೆ ಅದೂ ಇಲ್ಲ.

ನಮ್ಮ ಮನೆಯಲ್ಲಿ ಈಗಲೂ ಕರು ಬಿಟ್ಟೇ ಹಿಂಡುವುದು. ಕರು ಬಂದು ನಾಲ್ಕೂ ಮೊಲೆಗೆ ಬಾಯಿ ಹಾಕಿ, ತಲೆಯಿಂದ ಕೆಚ್ಚಲು ಗುದ್ದಿ ಗುದ್ದಿ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಅದರ ಬಾಯಿ ಪಕ್ಕದಲ್ಲಿ ಬಿಳಿ ನೊರೆ ಬರುತ್ತದೆ. ಆಗ ಎಮ್ಮೆ ಸೊರೆ ಬಿಟ್ಟಿತು, ಹಾಲು ಇಳಿಸಿತು ಅಂತ ಅರ್ಥ. ಕರುವನ್ನು ಎಳೆದು ತಾಯಿಯ ಮುಂಗಾಲಿನ ಹತ್ತಿರ ಕಟ್ಟಬೇಕು. ಎಮ್ಮೆ ಅದರ ಬೆನ್ನು ನೆಕ್ಕುತ್ತಾ ನಿಲ್ಲುತ್ತದೆ, ನಾವು ಹಿಂಡಿಕೊಳ್ಳುತ್ತೇವೆ. ಕೊನೆಗೆ ಒಂದು ಮೊಲೆ ಕರುವಿಗೆ ಬಿಡುತ್ತೇವೆ. ನಮ್ಮ ಅತ್ತೆಯವರು ಎರಡು ಮೊಲೆ ಬಿಡುತ್ತಿದ್ದರು. ಆಗ ಹಾಲು ಮಾರುತ್ತಿರಲಿಲ್ಲ, ಮಜ್ಜಿಗೆ ಬೆಣ್ಣೆಗೆ ಆದರೆ ಸಾಕಿತ್ತು.

ಕರು ಸಾಯಿಸಿದರೆ ಹಾಲು ಉಳಿಯುತ್ತದೆ ಅನ್ನುವ ಲೆಕ್ಕವೇ ತಪ್ಪು. ಕರು ಇಲ್ಲದ ಎಮ್ಮೆ ಹಾಲು ಇಳಿಸದೆ ಏರಿಸಿಕೊಂಡುಬಿಡುತ್ತದೆ. ಆಮೇಲೆ ಯಾರೋ ಬಂದು ಇಂಜೆಕ್ಷನ್ ಬಾಟಲಿ ಕೈಗೆ ಕೊಡುತ್ತಾರೆ. ಅಲ್ಲಿಂದ ಆ ಎಮ್ಮೆ ಇಂಜೆಕ್ಷನ್ ಇಲ್ಲದೆ ಹಾಲು ಇಳಿಸುವುದೇ ಇಲ್ಲ. ಡಾಕ್ಟರ್ ಯಾರಾದರೂ ಇದ್ದರೆ ಇದರ ಬಗ್ಗೆ ಬರೆಯಿರಿ.

ಇನ್ನೊಂದು ಮಾತು. ಹೊಲದ ದುಡ್ಡು ಗಂಡಸರ ಕೈಗೆ ಬರುತ್ತದೆ, ಹಾಲಿನ ಬಟವಾಡೆ ಮಾತ್ರ ನನ್ನ ಖಾತೆಗೆ ಬರುತ್ತದೆ. ಮಕ್ಕಳ ಫೀ, ಮನೆಯ ಸಂತೆ, ನನ್ನ ಔಷಧಿ ಎಲ್ಲ ಅದರಲ್ಲೇ. ನಮ್ಮದು ಮಹಿಳಾ ಹಾಲು ಉತ್ಪಾದಕರ ಸಂಘ. ಹೈನು ನಿಂತರೆ ನನ್ನಂಥವರ ಕೈಯಲ್ಲಿ ಇರುವ ಒಂದೇ ದುಡ್ಡು ಹೋಗುತ್ತದೆ. ಹಾಲು ಕುಡಿಯುವುದು ತಪ್ಪೋ ಸರಿಯೋ ಅಂತ ವಾದ ಮಾಡುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಲಿ.

ಪಶುವೈದ್ಯ (ಇಂಡಿ)

ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಬಾಟಲಿಯಲ್ಲಿರುವುದು ಆಕ್ಸಿಟೋಸಿನ್. ಹೆರಿಗೆ ಕಷ್ಟವಾದಾಗ ವೈದ್ಯರು ಬಳಸುವ ಔಷಧಿ ಅದು. ದಿನಾ ಎರಡು ಹೊತ್ತು ಹಾಲಿಗಾಗಿ ಚುಚ್ಚುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಂ ಇದೇ ವಿಷಯಕ್ಕೆ ಇದೆ. ಹಾಲು ಹೆಚ್ಚಿಸಲು ದನದ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಟ್ಟರೆ ಎರಡು ವರ್ಷದವರೆಗೆ ಜೈಲು ಆಗಬಹುದು. ದನವನ್ನೂ ಸರ್ಕಾರ ವಶಕ್ಕೆ ತಗೊಳ್ಳುತ್ತದೆ.

ಗಂಡು ಕರುವಿಗೆ ಬರುತ್ತೇನೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕೆ.ಜಿ. ಕರುವಿಗೆ ಮೊದಲ ದಿನ 3 ಲೀಟರ್. ತಾಯಿಯ ಗರ್ಭದಲ್ಲಿದ್ದಾಗ ಕರುವಿಗೆ ರೋಗನಿರೋಧಕ ಶಕ್ತಿ ರಕ್ತದ ಮೂಲಕ ಬರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಗಂಡು ಅಂತ ಗಿಣ್ಣ ತಪ್ಪಿಸಿದರೆ ಭೇದಿ ಹಿಡಿದು ಸಾಯುತ್ತದೆ. ಊರಲ್ಲಿ ಅದನ್ನು ರೋಗ ಬಂದು ಸತ್ತಿತು ಅನ್ನುತ್ತಾರೆ.

ಈಗ ಲಿಂಗ ನಿರ್ಧರಿತ ವೀರ್ಯನಳಿಕೆ ಬಂದಿವೆ. ಅದರಲ್ಲಿ ಸುಮಾರು ಶೇ. 90ರಷ್ಟು ಹೆಣ್ಣುಗರು ಹುಟ್ಟುತ್ತವೆ. ಸಾಮಾನ್ಯ ನಳಿಕೆಗಿಂತ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ. ಚೆನ್ನಾಗಿ ಬೆಳೆದ ಮಣಕಕ್ಕೆ (ಇನ್ನೂ ಈಯದ ಹರೆಯದ ದನಕ್ಕೆ), ಬೆದೆ ಸರಿಯಾಗಿ ನೋಡಿ ಹಾಕಿಸಿದರೆ ಫಲ ಚೆನ್ನಾಗಿದೆ. ಸುಮ್ನೆ ಎಲ್ಲ ದನಕ್ಕೂ ಹಾಕಿಸಿ ದುಡ್ಡು ಕಳೆಯಬೇಡಿ. ಹುಟ್ಟಿದ ಮೇಲೆ ಸಾಯಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಎಷ್ಟೋ ಮೇಲು.

ಬೆಳಗಾವಿ ಹುಡುಗಿ

ನಾನು ಹೈನು ಮಾಡುವ ಮನೆಯವಳಲ್ಲ. ಆದರೂ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಎರಡು ವರ್ಷದ ಹಿಂದೆ ಹಾಲು, ಮೊಸರು, ಕುಂದಾ ಎಲ್ಲ ಬಿಟ್ಟೆ. ಮನೆಯಲ್ಲಿ ಈಗಲೂ ಇದಕ್ಕೆ ಜಗಳ ಆಗುತ್ತದೆ.

ಡಾಕ್ಟರ್ ಸಾಹೇಬರೇ, ನಿಮ್ಮ ನಳಿಕೆಯಿಂದ ಗಂಡು ಕರುವಿನ ಪ್ರಶ್ನೆ ಅರ್ಧ ಮುಗಿಯಬಹುದು. ಹೆಣ್ಣಿನ ಪ್ರಶ್ನೆ ಮುಗಿಯುತ್ತದೆಯೇ? ಹಾಲು ಬೇಕೆಂದರೆ ಆಕಳು ಮತ್ತೆ ಮತ್ತೆ ಗಬ್ಬ ಆಗಲೇಬೇಕು. ಒಂಬತ್ತು ತಿಂಗಳು ಹೊತ್ತು ಈದ ಎರಡು ಮೂರು ತಿಂಗಳಿಗೆ ಮತ್ತೆ ಗರ್ಭಧಾರಣೆ. ನಾಲ್ಕೈದು ಸೂಲು ಆದಮೇಲೆ ಹಾಲು ಇಳಿಯುತ್ತದೆ. ಆಕಳು ಅದಾದ ಮೇಲೂ ಹತ್ತು ವರ್ಷ ಬದುಕಬಲ್ಲದು. ಆ ವರ್ಷಗಳಲ್ಲಿ ಅದಕ್ಕೆ ಮೇವು ಹಾಕುವವರು ಯಾರು? ಹೆಣ್ಣುಗರು ಎರಡು ಪಟ್ಟು ಹುಟ್ಟಿದರೆ ಮುಂದೆ ಗೊಡ್ಡು ಆಕಳೂ ಎರಡು ಪಟ್ಟು ಆಗುತ್ತವೆ.

ಎಮ್ಮೆಮನಿ ಅಕ್ಕಾರ ಮೇಲೆ ನನ್ನ ದೂರಿಲ್ಲ. ಅವರ ಬಟವಾಡೆ ನಿಲ್ಲಬೇಕು ಅಂತ ನಾನು ಹೇಳಲಾರೆ. ನನ್ನ ದೂರು ಪೇಟೆಯ ನಮ್ಮಂಥವರ ಮೇಲೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ನಮ್ಮ ಓಣಿಯಲ್ಲಿ ಎಷ್ಟು ಗೊಣಗಿದರು! ಅದೇ ಮನೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದುಡ್ಡು ಕೊಟ್ಟು ತಂಪು ಪಾನೀಯ ತರುತ್ತಾರೆ. ಹಾಲು ಕುಡಿಯುವವರು ಕುಡಿಯಲಿ, ಅದರ ಪೂರ್ತಿ ಬೆಲೆ ಕೊಟ್ಟು ಕುಡಿಯಲಿ. ಆಗ ಎಷ್ಟು ಕುಡಿಯಬೇಕು ಅನ್ನುವುದೂ ತಾನಾಗಿಯೇ ತಿಳಿಯುತ್ತದೆ.

ಅಥಣಿ ಶೆಡ್

ನಾನು ದೊಡ್ಡ ಶೆಡ್ ಇಟ್ಟವನು. ನಲವತ್ತರ ಹತ್ತಿರ ಎಚ್.ಎಫ್. ಇವೆ. ಇಂಥ ಚರ್ಚೆ ಬಂದಾಗ ಎಲ್ಲರೂ ನಮ್ಮನ್ನೇ ಕೆಟ್ಟವರು ಅಂತ ತೋರಿಸುತ್ತಾರೆ. ಅದಕ್ಕೇ ಬಿಚ್ಚಿ ಹೇಳುತ್ತೇನೆ.

ನನ್ನ ಶೆಡ್ಡಿನಲ್ಲಿ ಬೇಸಿಗೆಗೆ ಫ್ಯಾನ್ ಇದೆ, ನೀರು ಸಿಂಪಡಿಸುವ ಫಾಗರ್ ಇದೆ, ಕಾಲಿಗೆ ರಬ್ಬರ್ ಮ್ಯಾಟ್ ಇದೆ. ದನಕ್ಕೆ ಕೊರಳಿಗೆ ಹಗ್ಗ ಇಲ್ಲ, ಬಯಲಲ್ಲಿ ತಿರುಗಾಡುತ್ತವೆ. ಕೆಚ್ಚಲು ಬಾವು ಬಂದರೆ ಆ ದಿನವೇ ಚಿಕಿತ್ಸೆ. ಎರಡು ದನದ ಮನೆಯಲ್ಲಿ ಎಷ್ಟೋ ಕಡೆ ಒಂದು ಮೊಳದ ಹಗ್ಗದಲ್ಲಿ ಜೀವಮಾನ ಕಳೆಯುವ ಆಕಳು ನೋಡಿದ್ದೇನೆ. ಸಣ್ಣ ಮನೆ ಅಂದರೆ ಪ್ರೀತಿ, ದೊಡ್ಡ ಶೆಡ್ ಅಂದರೆ ಹಿಂಸೆ ಅನ್ನುವುದು ಸರಿಯಲ್ಲ.

ಖರ್ಚು ಕೇಳಿ. 10 ಲೀಟರ್ ಕೊಡುವ ಆಕಳಿಗೆ ಮೈ ಉಳಿಸಿಕೊಳ್ಳಲು ಒಂದೂವರೆ ಕೆ.ಜಿ., ಮೇಲೆ ಲೀಟರಿಗೆ 400 ಗ್ರಾಂ ಲೆಕ್ಕದಲ್ಲಿ 4 ಕೆ.ಜಿ., ಒಟ್ಟು ಐದೂವರೆ ಕೆ.ಜಿ. ಹಿಂಡಿ ಬೂಸಾ ಬೇಕು. ಅದರ ಮೇಲೆ ಹಸಿಮೇವು, ಒಣಮೇವು. ಹಾಲು ನಿಂತ ದಿನ ಹಿಂಡಿ ನಿಲ್ಲಿಸಿದರೂ ಮೇವು ನಿಲ್ಲಿಸಲು ಆಗುವುದಿಲ್ಲ. ಡೇರಿಯಲ್ಲಿ ದರ ಫ್ಯಾಟ್ (ಕೊಬ್ಬು) ಮತ್ತು ಎಸ್.ಎನ್.ಎಫ್. (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೇಲೆ. ಒಂದು ಪಾಯಿಂಟ್ ಕಡಿಮೆ ಬಂದರೂ ದುಡ್ಡು ಇಳಿಯುತ್ತದೆ. ಆ ಯಂತ್ರ ಗೊಡ್ಡು ಆಕಳು ಎಷ್ಟಿವೆ ಅಂತ ಕೇಳುವುದಿಲ್ಲ.

ಮುದಿ ಆಕಳು ಎಲ್ಲಿ ಹೋಗುತ್ತವೆ ಅಂದರೆ, ಮೊದಲು ದಲಾಲಿ ಬರುತ್ತಿದ್ದ, ಹೊಡೆದುಕೊಂಡು ಹೋಗುತ್ತಿದ್ದ, ನಾವು ಎಲ್ಲಿಗೆ ಅಂತ ಕೇಳುತ್ತಿರಲಿಲ್ಲ. ಆ ಸುಮ್ಮನಿರುವಿಕೆಯ ಮೇಲೇ ಈ ಧಂದೆ ನಿಂತಿತ್ತು. 2020ರ ಗೋಹತ್ಯೆ ತಡೆ ಕಾಯ್ದೆ ಬಂದ ಮೇಲೆ ಎತ್ತು, ಹೋರಿಯೂ ಸೇರಿದವು, 13 ವರ್ಷದೊಳಗಿನ ಎಮ್ಮೆ ಕೋಣಗಳೂ ಸೇರಿದವು. ಶಿಕ್ಷೆ ಮೂರರಿಂದ ಏಳು ವರ್ಷ. 1964ರ ಹಳೇ ಕಾಯ್ದೆಯಲ್ಲಿ 12 ವರ್ಷ ದಾಟಿದ ಇಲ್ಲವೇ ಕೆಲಸಕ್ಕೆ ಬಾರದ ಎತ್ತಿಗೆ ಅವಕಾಶ ಇತ್ತು. ಕಾಯ್ದೆ ಸರಿಯೋ ತಪ್ಪೋ ಅನ್ನುವುದು ಬೇರೆ. ಕೊಲ್ಲಬಾರದು ಅಂತ ಸಮಾಜ ತೀರ್ಮಾನ ಮಾಡಿದರೆ ಸಾಕುವ ಖರ್ಚನ್ನೂ ಸಮಾಜವೇ ಹೊರಬೇಕು. ರೈತ ಒಬ್ಬನೇ ಯಾಕೆ ಹೊರಬೇಕು?

ಡೋಣಿ ದಂಡೆ ರೈತ (ವಿಜಯಪುರ ಜಿಲ್ಲೆ)

ನಾನು ವಯಸ್ಸಾದವನು. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ಈ ಪ್ರಶ್ನೆ ನಮ್ಮ ಕಾಲದಲ್ಲಿ ಇರಲೇ ಇಲ್ಲ. ಖಿಲಾರಿ ಆಕಳು ಹೋರಿಗರು ಹಾಕಿದರೆ ಮನೆಗೆ ಹಬ್ಬ. ಹೆಣ್ಣಾದರೆ ಇರಲಿ ಅಂತಿದ್ದರು. ಖಿಲಾರಿ ಆಕಳು ಕೊಡುವುದು ಮನೆಯ ಚಹಾಕ್ಕೆ ಆಗುವಷ್ಟು ಹಾಲು. ಅದರ ಬೆಲೆ ಹಾಲಿನಲ್ಲಿ ಇರಲಿಲ್ಲ, ಅದು ಹಾಕುವ ಎತ್ತಿನಲ್ಲಿ ಇತ್ತು. ಕೂರಿಗೆ, ಎಡೆಕುಂಟೆ, ಚಕ್ಕಡಿ ಎಲ್ಲ ಅದರ ಹೆಗಲ ಮೇಲೆ. ಎರಡು ವರ್ಷ ಮೇಯಿಸಿ, ಹಲ್ಲು ಬಿದ್ದ ಮೇಲೆ ಪಳಗಿಸಿ, ತೊರವಿಯ ದನದ ಜಾತ್ರೆಗೆ ಹೊಡೆದುಕೊಂಡು ಹೋದರೆ ಮಗಳ ಮದುವೆ ಆಗುವಷ್ಟು ದುಡ್ಡು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ವಿಜಯಪುರದ ದಾರಿ ತುಂಬ ಎತ್ತುಗಳೇ.

ಟ್ರ್ಯಾಕ್ಟರ್ ಬಂತು, ಎತ್ತಿನ ಕೆಲಸ ಹೋಯಿತು. ಅದರ ಹಿಂದೆ ಜೋಳ ಹೋಯಿತು. ಡೋಣಿ ಬೆಳೆದರೆ ಓಣೆಲ್ಲ ಜೋಳ ಅಂತಿದ್ದರು. ಈಗ ಆ ಎರಿ ಹೊಲದಲ್ಲಿ ತೊಗರಿ, ಕಡಲೆ. ಬಿಳಿಜೋಳ ಬಿತ್ತಿದರೆ ಜನರಿಗೆ ರೊಟ್ಟಿ, ದನಕ್ಕೆ ಕಣಿಕೆ. ಆಳೆತ್ತರದ ಮಾಲದಂಡಿ ಜೋಳದ ಒಂದು ಬಣವೆ ಇದ್ದರೆ ಎರಡು ಜೋಡಿ ಎತ್ತು ಬೇಸಿಗೆ ದಾಟುತ್ತಿದ್ದವು. ತೊಗರಿ ಹೊಟ್ಟು ಎಷ್ಟು ದಿನ ಬಂದೀತು? ಈಗ ಕಣಿಕೆ ದುಡ್ಡು ಕೊಟ್ಟು ತರಬೇಕು. 2023ರಲ್ಲಿ ರಾಜ್ಯದ 223 ತಾಲೂಕು ಬರ ಅಂತ ಘೋಷಣೆ ಆದಾಗ ದುಡ್ಡು ಕೊಟ್ಟರೂ ಕಣಿಕೆ ಇರಲಿಲ್ಲ. ನಮ್ಮ ಊರಲ್ಲಿ ಆ ವರ್ಷ ಮಾರಿದ ದನ ಮತ್ತೆ ಮನೆಗೆ ಬರಲಿಲ್ಲ.

ಎಚ್.ಎಫ್. ಹೋರಿಯನ್ನು ಎತ್ತು ಮಾಡಬಾರದೇಕೆ ಅಂತ ಕೇಳುವವರಿದ್ದಾರೆ. ನಾನೇ ಮಾಡಿ ನೋಡಿದ್ದೇನೆ. ಅದಕ್ಕೆ ಡುಬ್ಬ ಇಲ್ಲ. ನೊಗ ಕುತ್ತಿಗೆಯ ಮೇಲೆ ಜಾರುತ್ತದೆ. ಹತ್ತು ಗಂಟೆಯ ಬಿಸಿಲಿಗೆ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾ ನಿಂತುಬಿಡುತ್ತದೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ನಮ್ಮದು. ಪಾಪ, ಅದು ಈ ನೆಲದ ದನವೇ ಅಲ್ಲ. ಬೈದು ಪ್ರಯೋಜನ ಇಲ್ಲ.

ಇನ್ನೊಂದು ಮಾತು, ಹೇಳಲೋ ಬೇಡವೋ ಅನಿಸುತ್ತದೆ. ದನ ಇರುವ ಮನೆಗೆ ಈಗ ಹೆಣ್ಣು ಕೊಡುವುದಿಲ್ಲ. ಸಗಣಿ ಬಳಿಯುವ ಮನೆ ಬೇಡ ಅಂತ ನೇರವಾಗಿಯೇ ಹೇಳುತ್ತಾರೆ. ಆ ಹೆಣ್ಣುಮಕ್ಕಳದ್ದು ತಪ್ಪು ಅನ್ನಲಾರೆ. ನಸುಕಿನಲ್ಲಿ ಎದ್ದು ಸಗಣಿ, ಹಾಲು, ಮೇವು, ರಾತ್ರಿ ಮತ್ತೆ ಅದೇ. ಹಬ್ಬ ಇಲ್ಲ, ತವರಿಗೆ ಹೋಗಿ ನಾಲ್ಕು ದಿನ ಇರುವಂತಿಲ್ಲ. ಆ ದುಡಿಮೆಗೆ ಕೂಲಿ ಹಿಡಿದರೆ ಯಾವ ಡೇರಿಯ ದರವೂ ಸಾಲದು.

ಜಮಖಂಡಿ ಕಬ್ಬು

ಕಾಕಾರ ಮಾತಿಗೆ ನಮ್ಮ ಕಡೆಯದ್ದು ಸೇರಿಸುತ್ತೇನೆ. ಕೃಷ್ಣೆಯ ನೀರು ಬಂತು, ಕಬ್ಬು ಬಂತು. ಕಾರ್ಖಾನೆ ಸುರುವಾದರೆ ನವೆಂಬರಿನಿಂದ ನಾಲ್ಕು ತಿಂಗಳು ಕಬ್ಬಿನ ವಾಡೆ (ತುದಿಯ ಹಸಿ ಗರಿ) ಬೇಕಾದಷ್ಟು. ಆಮೇಲೆ ಒಂದು ಹಿಡಿ ಹಸಿಮೇವು ಇಲ್ಲ, ಎಲ್ಲ ಹೊಲದಲ್ಲೂ ಕೂಳೆ ಕಬ್ಬು. ನಮ್ಮ ಮನೆಯ ದನ 2019ರ ಆಗಸ್ಟ್ ಮಹಾಪೂರದ ನಂತರ ಹೋದವು. ಜನರನ್ನು ಕಾಳಜಿ ಕೇಂದ್ರಕ್ಕೆ ಸಾಗಿಸಿದರು. ದನ ಕಟ್ಟಲು ಜಾಗ ಹುಡುಕುವುದೇ ದೊಡ್ಡ ಕಷ್ಟವಾಯಿತು. ಬಣವೆ ಎಲ್ಲ ನೀರಿನಲ್ಲಿ ಕೊಳೆತಿತ್ತು. ನೀರು ಇಳಿದ ಮೇಲೆ ಬಂದ ಬೆಲೆಗೆ ಮಾರಿದೆವು.

ಈಗ ತಿಪ್ಪೆ ಗೊಬ್ಬರ ಟ್ರಾಲಿ ಲೆಕ್ಕದಲ್ಲಿ ಕೊಳ್ಳುತ್ತೇವೆ. ಭೂಮಿ ಸವಳಾಗುತ್ತಿದೆ. ದನ ಮಾರಿದ ದಿನ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಪಶುವೈದ್ಯ (ಇಂಡಿ)

ವಾಡೆಯ ಮಾತು ಬಂತು, ಹೇಳಿಬಿಡುತ್ತೇನೆ. ಬರೀ ಕಬ್ಬಿನ ವಾಡೆ ಹಾಕಬೇಡಿ. ಅದರಲ್ಲಿ ಆಕ್ಸಲೇಟ್ ಇರುತ್ತದೆ, ಮೈಯಲ್ಲಿನ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ. ಆಕಳು ಸರಿಯಾಗಿ ಬೆದೆಗೆ ಬರುವುದಿಲ್ಲ, ಈದ ಮೇಲೆ ಏಳುವುದಿಲ್ಲ. ಖನಿಜ ಮಿಶ್ರಣ ದಿನಾ ಕೊಡಿ, ಜೊತೆಗೆ ಕಣಿಕೆ ಇಲ್ಲವೇ ಬೇಳೆಕಾಳಿನ ಹೊಟ್ಟು ಬೆರೆಸಿ. ಗೊಡ್ಡು ಅಂತ ಮಾರಿದ ಎಷ್ಟೋ ಆಕಳು ಗೊಡ್ಡೇ ಅಲ್ಲ, ಮೇವಿನ ಕೊರತೆ ಅಷ್ಟೇ. ಮಾರುವ ಮುಂಚೆ ಒಮ್ಮೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ವಾಹನ ಮನೆಗೇ ಬರುತ್ತದೆ. ಪರೀಕ್ಷೆ ಮಾಡಿಸಿ.

ಬೆಳಗಾವಿ ತಂಗಿಯ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ಮಾಡಬಹುದು. ಹಾಲು ಕಡಿಮೆ ಇರುವ ನಾಟಿ ಆಕಳಿಗೆ ಎಚ್.ಎಫ್. ಬೇಡ. ಖಿಲಾರಿ, ದೇವಣಿ, ಕೃಷ್ಣಾ ವ್ಯಾಲಿ ನಮ್ಮ ಸೀಮೆಯ ತಳಿಗಳೇ. ದೇವಣಿ ಹಾಲಿಗೂ ಬರುತ್ತದೆ, ದುಡಿಮೆಗೂ ಬರುತ್ತದೆ. ಅಂಥ ಗಂಡು ಕರುವಿಗೆ ಈಗಲೂ ಕೊಳ್ಳುವವರಿದ್ದಾರೆ. ಹಾಲಿಗೇ ಬೇಕೆಂದರೆ ಪಂಢರಾಪುರಿ ಎಮ್ಮೆ ಇದೆ, ಬಿಸಿಲು ತಡೆಯುತ್ತದೆ, ಒರಟು ಮೇವು ತಿಂದು ಬದುಕುತ್ತದೆ.

ನಿವೃತ್ತ ಮೇಲ್ವಿಚಾರಕ (ಬಾಗಲಕೋಟೆ)

ಹಾಲಿನ ಸಂಘಗಳಲ್ಲೇ ಜೀವನ ಕಳೆದವನು ನಾನು. ಸಣ್ಣ ಮನೆ ಹೋದರೆ ಏನಾಗುತ್ತದೆ ಅಂತ ಅಮೆರಿಕ ನೋಡಿ. 1970ರಲ್ಲಿ ಅಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಮನೆಗಳು ಹೈನು ಮಾಡುತ್ತಿದ್ದವು. ಈಗ ಮೂವತ್ತು ಸಾವಿರವೂ ಇಲ್ಲ. ಹಾಲು ಮಾತ್ರ ಮೊದಲಿಗಿಂತ ಜಾಸ್ತಿ ಆಗಿದೆ. ಸಾವಿರಾರು ಆಕಳು ಒಂದೇ ಕಡೆ. ಕರುವನ್ನು ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡುವುದು ಅಲ್ಲಿ ಮಾಮೂಲು.

ನಮ್ಮಲ್ಲಿ 1946ರಲ್ಲಿ ಗುಜರಾತಿನ ಆನಂದ್ ಊರಿನಲ್ಲಿ ಸುರುವಾದ ಸಹಕಾರ ಸಂಘದ ಮಾದರಿ 1970ರ ಕ್ಷೀರಕ್ರಾಂತಿಯಿಂದ ಊರೂರಿಗೆ ಬಂತು. ಒಂದು ಲೀಟರ್ ತಂದವರ ಹಾಲನ್ನೂ ಅಳೆದು ತಗೊಳ್ಳಬೇಕು ಅನ್ನುವುದು ಅದರ ಪ್ರಾಣ. ಅದರಿಂದಲೇ ಎರಡು ಎಮ್ಮೆಯ ಮನೆಗಳು ಇಲ್ಲಿಯವರೆಗೆ ಬಂದವು. 2019ರ ನವೆಂಬರಿನಲ್ಲಿ ಭಾರತ ಆರ್.ಸಿ.ಇ.ಪಿ. ಅನ್ನುವ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಿಂದ ಹೊರಗೆ ಉಳಿದಾಗ ನಾವು ಉಸಿರು ಬಿಟ್ಟೆವು. ಇಲ್ಲದಿದ್ದರೆ ನ್ಯೂಜಿಲೆಂಡಿನ ಹಾಲಿನ ಪುಡಿ ನಮ್ಮ ದರವನ್ನು ನೆಲಕ್ಕೆ ಹಾಕುತ್ತಿತ್ತು. ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ, ಒಳ್ಳೆಯದೇ. ಅದೂ ಲೀಟರಿಗೆ ಕೊಡುವುದು. ಹಾಲು ಕೊಡದ ದನಕ್ಕೆ ಅದರಲ್ಲಿ ಒಂದು ಪೈಸೆ ಇಲ್ಲ.

ಮಲಪ್ರಭಾ ದಂಡೆ

ಎಲ್ಲರೂ ಮನಸ್ಸು ಬಿಚ್ಚಿ ಬರೆದಿರಿ. ಒಂದು ಲೆಕ್ಕ ಮುಂದೆ ಇಡುತ್ತೇನೆ.

2022ರಲ್ಲಿ ಬಂದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ದನಕ್ಕೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ತಗೊಳ್ಳಬಹುದು. ದಿನಕ್ಕೆ 30 ರೂಪಾಯಿ ಬಿತ್ತು. ಬೆಳೆದ ಆಕಳಿಗೆ ಅದು ಸಾಲದು, ಕರುವಿಗೆ ಆದೀತು. ದಿನಕ್ಕೆ 500 ಲೀಟರ್ ಬರುವ ಒಂದು ಸಂಘ ಇದೆ ಅನ್ನಿ. ಲೀಟರಿಗೆ 50 ಪೈಸೆ ಬೇರೆ ತೆಗೆದಿಟ್ಟರೆ ದಿನಕ್ಕೆ 250 ರೂಪಾಯಿ, ಎಂಟು ಕರುವಿನ ಮೇವು. ಆ ಐವತ್ತು ಪೈಸೆ ರೈತರ ದರದಿಂದ ಕಡಿಯಬಾರದು. ಪ್ಯಾಕೆಟ್ ಕೊಳ್ಳುವವರಿಂದ ಬರಬೇಕು, ಪ್ಯಾಕೆಟ್ ಮೇಲೆ ಹಾಗಂತ ಅಚ್ಚು ಹಾಕಿರಬೇಕು. ಸಾಕುವುದು ಗೋಶಾಲೆಯಲ್ಲೇ ಆಗಬೇಕು ಅಂತಿಲ್ಲ. ನಮ್ಮಲ್ಲಿ ಪಾಲಿಗೆ ದನ ಕೊಡುವ ಪದ್ಧತಿ ಇದೆಯಲ್ಲ, ಹಾಗೆಯೇ ಮೇವು ಇರುವ ಮನೆಗೆ ಕರು ಕೊಟ್ಟು ತಿಂಗಳಿಗೆ ದುಡ್ಡು ಕೊಡಬಹುದು. ಗೊಬ್ಬರ ಅವರದ್ದೇ.

ಬೆಳಗಾವಿ ಹುಡುಗಿ

ಲೀಟರಿಗೆ 50 ಪೈಸೆ ಅಲ್ಲ, 2 ರೂಪಾಯಿ ಹಾಕಿ. ನಾನು ಹಾಲು ಕೊಳ್ಳುವುದಿಲ್ಲ, ನಮ್ಮ ಅಪ್ಪ ಕೊಳ್ಳುತ್ತಾರೆ. ಅವರು ಕೊಡುತ್ತಾರೆ, ಕೇಳಿಯೇ ಬರೆಯುತ್ತಿದ್ದೇನೆ. ಗೊಡ್ಡು ಆಕಳನ್ನೂ ಸೇರಿಸಿ.

ಎಮ್ಮೆಮನಿ ಅಕ್ಕ

ಕೋಣಗರುವನ್ನೂ ಸೇರಿಸಿ ತಂಗಿ. ಯೋಜನೆ ಅಂದರೆ ಯಾವಾಗಲೂ ಆಕಳು ಮಾತ್ರ.

ನಮ್ಮ ಸಂಘದ ವಾರ್ಷಿಕ ಸಭೆ ಬರುತ್ತಿದೆ. ಅಲ್ಲಿ ಇಡುತ್ತೇನೆ. ಯಾರಾದರೂ ಠರಾವು ಚೆಂದವಾಗಿ ಬರೆದುಕೊಡಿ. ನಾನು ಓದಿ ಹೇಳಿದರೆ ಹೆಣ್ಣುಮಕ್ಕಳೆಲ್ಲ ಕೈ ಎತ್ತುತ್ತಾರೆ.

ನಿವೃತ್ತ ಮೇಲ್ವಿಚಾರಕ

ಬರೆದಿದ್ದೇನೆ ಅಕ್ಕಾರೇ. ತಿದ್ದಿಕೊಳ್ಳಿ:

“ನಮ್ಮ ಸಂಘದ ಸದಸ್ಯರ ಮನೆಯಲ್ಲಿ ಹುಟ್ಟಿದ ಪ್ರತಿ ಕರುವಿನ ದಾಖಲೆ, ಗಂಡಿರಲಿ ಹೆಣ್ಣಿರಲಿ, ಆಕಳಿರಲಿ ಎಮ್ಮೆಯಿರಲಿ, ಸಂಘದ ಪುಸ್ತಕದಲ್ಲಿ ಇಡುವುದು. ಆರು ತಿಂಗಳವರೆಗೆ ಕರು ಸಾಕಿದ ಮನೆಗೆ ಮೇವಿನ ಸಹಾಯ ಕೊಡುವುದು. ಈ ಖರ್ಚನ್ನು ಗ್ರಾಹಕರ ದರದಲ್ಲಿ ಸೇರಿಸಬೇಕೆಂದು ಒಕ್ಕೂಟವನ್ನು ಕೇಳಿಕೊಳ್ಳುವುದು.”

ಅಥಣಿ ಶೆಡ್

ದಾಖಲೆ ಇಡುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನನ್ನ ಶೆಡ್ಡಿನ ಪುಸ್ತಕವನ್ನೂ ಯಾರು ಬೇಕಾದರೂ ನೋಡಲಿ. ಆದರೆ ಆರು ತಿಂಗಳು ಸಾಲದು. ಆರು ತಿಂಗಳ ಹೋರಿಗರುವನ್ನು ಏಳನೇ ತಿಂಗಳಲ್ಲಿ ಹೆದ್ದಾರಿಗೆ ಬಿಟ್ಟರೆ ಏನು ಮಾಡಿದಂತಾಯಿತು? ಎರಡು ವರ್ಷ ಅಂತ ಬರೆಯಿರಿ. ಒಕ್ಕೂಟದವರು ದುಡ್ಡು ಹೆಚ್ಚಾಯಿತು ಅಂದರೆ ಅನ್ನಲಿ. ನಿಜವಾದ ಖರ್ಚು ಎಷ್ಟು ಅನ್ನುವುದು ಮೊದಲು ಕಾಗದದ ಮೇಲೆ ಬರಲಿ.